ಸರ್ಕಾರ ಹೋಟೆಲ್ ಇಟ್ಟ ಕಥೆ

1955ರ ಮಳೆಗಾಲದ ಕೊನೆಯ ಪ್ರವಾಹ ಇಳಿದಾಗ ದೆಹಲಿಯ ಉತ್ತರಕ್ಕೆ, ವಜೀರಾಬಾದ್ ಬಳಿ, ಯಮುನೆಯ ಹರಿವು ಜಾಗ ಬದಲಿಸಿತ್ತು. ನಗರಕ್ಕೆ ಕುಡಿಯುವ ನೀರೆತ್ತುವ ಸ್ಥಾವರ ಇದ್ದದ್ದು ಅಲ್ಲೇ. ಅದರ ತುಸು ಕೆಳಗೆ ನಜಫ್‌ಗಢದ ಕೊಳಚೆ ಕಾಲುವೆ ನದಿಗೆ ಸೇರುತ್ತಿತ್ತು. ನದಿ ದೂರ ಸರಿದಿದ್ದರಿಂದ ನವೆಂಬರ್‌ನಲ್ಲಿ ಕಾಲುವೆಯ ನೀರು ಹಿಂದಕ್ಕೆ ಹರಿದು, ನೀರೆತ್ತುವ ಜಾಗವನ್ನೇ ಮುಟ್ಟಿತು. ಡಿಸೆಂಬರ್ ಮತ್ತು ಜನವರಿ ತಿಂಗಳಲ್ಲಿ ದೆಹಲಿಯ 29,000ಕ್ಕೂ ಹೆಚ್ಚು ಜನರಿಗೆ ಕಾಮಾಲೆ ತಗುಲಿತು. ಗರ್ಭಿಣಿಯರ ಪಾಲಿಗೆ ಅದು ಎಲ್ಲರಿಗಿಂತ ಕ್ರೂರವಾಗಿತ್ತು. ಇಂದಿಗೂ ಸಾಂಕ್ರಾಮಿಕ ರೋಗಗಳ ಪಠ್ಯಪುಸ್ತಕಗಳಲ್ಲಿ ಆ ಚಳಿಗಾಲದ ದೆಹಲಿಗೆ ಜಾಗವಿದೆ.

ಅದೇ ಚಳಿಗಾಲದಲ್ಲಿ ನಗರದ ಇನ್ನೊಂದು ತುದಿಯಲ್ಲಿ, ರಾಯಭಾರ ಕಚೇರಿಗಳಿಗೆಂದು ಹೊಸದಾಗಿ ಬಿಡಿಸಿದ ಚಾಣಕ್ಯಪುರಿಯಲ್ಲಿ, ಐನೂರಕ್ಕೂ ಹೆಚ್ಚು ಕೋಣೆಗಳ ಒಂದು ಹೋಟೆಲ್ ಹಗಲೂ ರಾತ್ರಿ ಏಳುತ್ತಿತ್ತು. ಅದನ್ನು ಕಟ್ಟಿಸುತ್ತಿದ್ದುದು ಯಾವ ಹೋಟೆಲ್ ಮನೆತನವೂ ಅಲ್ಲ, ಭಾರತ ಸರ್ಕಾರ. ಪ್ರಧಾನಿ ನೆಹರೂ ಆಗಾಗ ಕುದುರೆಯೇರಿ ಬಂದು ಕಾಮಗಾರಿ ನೋಡಿಹೋಗುತ್ತಿದ್ದರು ಎಂಬ ಮಾತು ದೆಹಲಿಯಲ್ಲಿ ಇಂದಿಗೂ ಚಾಲ್ತಿಯಲ್ಲಿದೆ.

ಹೋಟೆಲ್ ಇಡುವುದು ಎಂದರೆ ಕನ್ನಡಿಗರ ಕಣ್ಣಿಗೆ ಮೊದಲು ಬರುವುದು ಉಡುಪಿಯಿಂದ ಬೊಂಬಾಯಿಗೋ ಮದರಾಸಿಗೋ ಹೊರಟು, ಒಲೆಯ ಮುಂದೆ ನಿಂತು, ಲೋಟ ತೊಳೆದು, ಕೊನೆಗೊಂದು ದಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಮನುಷ್ಯ. ಒಂದು ದೇಶ ಯಾಕೆ ಹೋಟೆಲ್ ಇಡಬೇಕು? ಅದೂ ಪಂಚತಾರಾ ಹೋಟೆಲು? ಅದೂ ಕೊಳಾಯಿಯ ನೀರು ಕುಡಿದು ಜನ ಸಾಯುತ್ತಿದ್ದ ಊರಿನಲ್ಲಿ?

ತಕ್ಷಣದ ಉತ್ತರ ಸರಳ: ನೆಂಟರು ಬರುವವರಿದ್ದರು. ಯುನೆಸ್ಕೋದ ಮಹಾಧಿವೇಶನ ಪ್ಯಾರಿಸ್ ಬಿಟ್ಟು ಬೈರೂತ್, ಫ್ಲಾರೆನ್ಸ್, ಮಾಂಟೆವಿಡಿಯೊಗಳಲ್ಲಿ ನಡೆದಿತ್ತು. 1956ರದು ನಮ್ಮಲ್ಲಾಗಲಿ ಎಂದು ಭಾರತ ಕರೆ ಕೊಟ್ಟಿತು. ಕರೆ ಕೊಟ್ಟ ಮೇಲೆ ಮನೆಯೊಳಗೆ ಕಣ್ಣಾಡಿಸಿದರೆ ಸಭೆಗೆ ಹಜಾರವಿಲ್ಲ, ಬಂದವರಿಗೆ ಮಂಚವಿಲ್ಲ. ಸಭೆಗೆ ವಿಜ್ಞಾನ ಭವನವನ್ನೂ ವಾಸಕ್ಕೆ ಅಶೋಕ ಹೋಟೆಲನ್ನೂ ಒಟ್ಟಿಗೆ ಕೈಗೆತ್ತಿಕೊಂಡದ್ದು ಹಾಗೆ. 1941ರಲ್ಲಿ ಸುಮಾರು 9 ಲಕ್ಷವಿದ್ದ ದೆಹಲಿಯ ಜನಸಂಖ್ಯೆ ದೇಶವಿಭಜನೆಯ ನಿರಾಶ್ರಿತರು ಬಂದು 1951ಕ್ಕೆ 17 ಲಕ್ಷ ದಾಟಿತ್ತು. ಮನೆಯವರಿಗೇ ಮಲಗಲು ಜಾಗ ಸಾಲದ ಮನೆಗೆ ನೆಂಟರನ್ನು ಕರೆದಂತಾಯಿತು. 1951ರಲ್ಲಿ ಇಡೀ ದೇಶಕ್ಕೆ ಬಂದ ವಿದೇಶಿ ಪ್ರವಾಸಿಗರ ಸಂಖ್ಯೆ 17 ಸಾವಿರವನ್ನೂ ಮುಟ್ಟಿರಲಿಲ್ಲ.

ಹಾಗೆಂದು ದೆಹಲಿಯಲ್ಲಿ ಒಳ್ಳೆಯ ಹೋಟೆಲುಗಳೇ ಇರಲಿಲ್ಲವೆಂದಲ್ಲ. ಸಿವಿಲ್ ಲೈನ್ಸ್‌ನಲ್ಲಿ ಮೇಡನ್ಸ್ ಇತ್ತು, 1903ರ ಕರ್ಜನ್ ದರ್ಬಾರಿನ ಕಾಲದ್ದು. ಹೊಸದಿಲ್ಲಿ ಇನ್ನೂ ಕಾಗದದ ಮೇಲಿದ್ದಾಗ ಲಟ್ಯನ್ಸ್ ಉಳಿಯುತ್ತಿದ್ದದ್ದು ಅಲ್ಲಿಯೇ. ಈಗ ಜನಪಥ ಎನ್ನುವ ಅಂದಿನ ಕ್ವೀನ್ಸ್‌ವೇಯಲ್ಲಿ 1936ರಲ್ಲಿ ತೆರೆದ ಇಂಪೀರಿಯಲ್ ಇತ್ತು. ಆದರೆ ಎರಡರ ಹೆಸರು, ಹೊದಿಕೆ, ನೆನಪು ಎಲ್ಲವೂ ಸಾಮ್ರಾಜ್ಯದವು. ಇಂಪೀರಿಯಲ್‌ನ ನೆನಪಂತೂ ಇನ್ನೂ ಹಸಿಯಾಗಿತ್ತು. 1947ರ ಜೂನ್ 3ರಂದು ಮೌಂಟ್‌ಬ್ಯಾಟನ್ ವಿಭಜನೆಯ ಯೋಜನೆ ಪ್ರಕಟಿಸಿದ ಮೇಲೆ ಮುಸ್ಲಿಂ ಲೀಗ್‌ನ ಪರಿಷತ್ತು ಅದನ್ನು ಒಪ್ಪಲು ಸೇರಿದ್ದು ಜೂನ್ 9 ಮತ್ತು 10ರಂದು, ಇಂಪೀರಿಯಲ್ ಹೋಟೆಲಿನ ನೃತ್ಯಾಂಗಣದಲ್ಲಿ. ಪಾಕಿಸ್ತಾನ ತುಂಡಾಗಿ ಸಿಗುತ್ತಿದೆ ಎಂದು ಸಿಟ್ಟಾದ ಖಾಕ್ಸಾರ್ ಸ್ವಯಂಸೇವಕರು ಗುದ್ದಲಿ ಹಿಡಿದು ಒಳನುಗ್ಗಿದರು. ಪೊಲೀಸರು ಅಶ್ರುವಾಯು ಸಿಡಿಸಿದರು. ಲಕ್ಷಾಂತರ ಜನರ ಮನೆ ಎಲ್ಲಿರಬೇಕೆಂಬ ಮಾತಿಗೆ ಒಪ್ಪಿಗೆ ಬಿದ್ದದ್ದು, ಯಾರ ಮನೆಯೂ ಅಲ್ಲದ ಒಂದು ಹೋಟೆಲಿನಲ್ಲಿ.

ಇದು ದೆಹಲಿಯ ವಿಶೇಷವೇನಲ್ಲ. ಗ್ರೀಸಿನ ರೋಡ್ಸ್ ದ್ವೀಪದ ಕಡಲ ದಂಡೆಯಲ್ಲಿ, ಇಟಲಿಯ ಆಳ್ವಿಕೆಯ ಕಾಲದಲ್ಲಿ, 1927ರಲ್ಲಿ ಒಂದು ಭವ್ಯ ಹೋಟೆಲ್ ಎದ್ದಿತ್ತು. ಹೆಸರು 'ಗುಲಾಬಿಗಳ ಹೋಟೆಲ್'. ಐರೋಪ್ಯ ಸಿರಿವಂತರು ಬಿಸಿಲು ಕಾಯಿಸಿಕೊಳ್ಳಲೆಂದು ಕಟ್ಟಿದ ಆ ಕಟ್ಟಡದಲ್ಲಿ 1949ರ ಜನವರಿಯಲ್ಲಿ ಇಸ್ರೇಲ್ ಮತ್ತು ಈಜಿಪ್ಟಿನ ನಿಯೋಗಗಳು ಒಂದೇ ಸೂರಿನಡಿ ತಂಗಿದವು. ವಿಶ್ವಸಂಸ್ಥೆಯ ಮಧ್ಯಸ್ಥ ರಾಲ್ಫ್ ಬಂಚ್ ಇಬ್ಬರ ನಡುವೆ ಓಡಾಡಿ ಫೆಬ್ರವರಿ 24ರಂದು ಕದನವಿರಾಮಕ್ಕೆ ಸಹಿ ಹಾಕಿಸಿದರು. ಮರುವರ್ಷ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಎರಡನೇ ಮಹಾಯುದ್ಧದ ನಂತರದ ಜಗತ್ತಿನಲ್ಲಿ ದೊಡ್ಡ ಹೋಟೆಲ್ ಎಂಬುದು ಬರೀ ಮೋಜಿನ ಜಾಗವಾಗಿರಲಿಲ್ಲ. ಯಾವ ದೇಶದ ಬಳಿ ಅದಿಲ್ಲವೋ ಆ ದೇಶದಲ್ಲಿ ಜಗತ್ತು ಸಭೆ ಸೇರುತ್ತಿರಲಿಲ್ಲ. ನೆಹರೂಗೆ ಇದು ಗೊತ್ತಿತ್ತು.

ದುಡ್ಡು? ಅದಕ್ಕೆ ಹೊಳೆದ ಉಪಾಯ ಸ್ವಾರಸ್ಯದ್ದು. ರಾಜ್ಯ ಕಳೆದುಕೊಂಡ ರಾಜರ ಬಳಿ ಇನ್ನೂ ಹಣವಿತ್ತು, ರಾಜಧನ ಬರುತ್ತಿತ್ತು, ದೆಹಲಿಯಲ್ಲಿ ಜಮೀನಿತ್ತು. ಜಮ್ಮು-ಕಾಶ್ಮೀರದ ಸದರ್-ಇ-ರಿಯಾಸತ್ ಆಗಿದ್ದ, ಆಗಿನ್ನೂ ಇಪ್ಪತ್ತನಾಲ್ಕರ ಪ್ರಾಯದ ಕರಣ್ ಸಿಂಗ್ ಸುಮಾರು 25 ಎಕರೆ ಬಿಟ್ಟುಕೊಟ್ಟರು. ಕೆಲವು ಮಾಜಿ ಅರಸರು, ಅವರಲ್ಲಿ ನವಾನಗರದ ಜಾಮ್ ಸಾಹೇಬರು ಮುಖ್ಯರು, ಬಂಡವಾಳ ಹಾಕಿದರು. 1955ರಲ್ಲಿ ಕಂಪನಿ ನೋಂದಾಯಿತವಾಯಿತು. ಬೊಂಬಾಯಿಯ ವಾಸ್ತುಶಿಲ್ಪಿ ಇ. ಬಿ. ಡಾಕ್ಟರ್ ನಕ್ಷೆ ಬರೆದರು. ಕೆಂಪು, ಗುಲಾಬಿ ಮರಳುಗಲ್ಲು, ಜಾಲಂಧ್ರ, ಝರೋಖಾ, ಕಮಾನು, ಮೊಘಲ್ ಮಾದರಿಯ ಹೂದೋಟ. ಒಳಗೆ ಲಿಫ್ಟು, ಸ್ನಾನದ ತೊಟ್ಟಿ, ತಂಪುಗಾಳಿ. ದೇಶ ಅದೇ ವರ್ಷಗಳಲ್ಲಿ ಚಂಡೀಗಢದಲ್ಲಿ ಕಾರ್ಬೂಸಿಯೆಯ ಬೋಳು ಕಾಂಕ್ರೀಟನ್ನು ಆಧುನಿಕತೆಯೆಂದು ಮೆಚ್ಚಿಕೊಳ್ಳುತ್ತಿದ್ದರೂ ನೆಂಟರ ಮುಂದೆ ಮಾತ್ರ ಅಜ್ಜಿಯ ಒಡವೆಗಳನ್ನೇ ಹಾಕಿಕೊಂಡು ನಿಂತಿತು. ಆಧುನಿಕತೆಯ ಪಕ್ಷಪಾತಿಗಳಾದ ವಾಸ್ತುಶಿಲ್ಪಿಗಳು ಅದನ್ನು ಹಳೆಯ ಅರಮನೆಯ ಅಣಕವೆಂದರೂ ತಪ್ಪೆನ್ನಲಾಗದು. ಆದರೂ ದೆಹಲಿಯ ಇಳಿಬಿಸಿಲಲ್ಲಿ ಆ ಕಲ್ಲು ಬಣ್ಣ ತಿರುಗುವುದನ್ನು ನೋಡಿದವರು ಕೊಂಚ ಮೆತ್ತಗಾಗುತ್ತಾರೆ.

ಹೆಸರಿನ ಕಥೆ ಇನ್ನೂ ಮಜವಾದದ್ದು. ಗಣರಾಜ್ಯವಾಗಿ ಆರು ವರ್ಷವಾಗಿತ್ತು. ಹೋಟೆಲಿಗೆ ಇಟ್ಟದ್ದು ಚಕ್ರವರ್ತಿಯ ಹೆಸರು. ಮುಂದೆ ಅದೇ ರೂಢಿಯಾಯಿತು: ಅಕ್ಬರ್, ಲೋಧಿ, ರಣಜಿತ್, ಕುತುಬ್, ಕನಿಷ್ಕ, ಕೊನೆಗೆ ಬರೀ ಸಾಮ್ರಾಟ್. ರಾಜರನ್ನು ಗದ್ದುಗೆಯಿಂದ ಇಳಿಸಿದ ಸರ್ಕಾರ, ಅವರದೇ ಹಣದಿಂದ ಅವರಿಗಿಂತ ದೊಡ್ಡ ರಾಜರ ಹೆಸರಲ್ಲಿ ವಸತಿಗೃಹ ತೆರೆಯಿತು. ಅರಸರೂ ಪಾಠ ಕಲಿತರು. 1957ರಲ್ಲಿ ಜೈಪುರದ ರಾಮಬಾಗ್ ಅರಮನೆಯೇ ಹೋಟೆಲಾಯಿತು.

ಅಶೋಕನೆಂದಾಗ ದೆಹಲಿಯಲ್ಲಿ ಇನ್ನೊಂದು ಸಂಗತಿ ನೆನೆಯಬೇಕು. ಫಿರೋಜ್ ಷಾ ತುಘಲಕ್ ಹದಿನಾಲ್ಕನೇ ಶತಮಾನದಲ್ಲಿ ಈಗಿನ ಹರಿಯಾಣದ ತೋಪ್ರಾದಿಂದ 42 ಗಾಲಿಗಳ ಬಂಡಿಯ ಮೇಲೆ ಒಂದು ಅಶೋಕ ಸ್ತಂಭವನ್ನು ತರಿಸಿ ತನ್ನ ಕೋಟೆಯ ಮೇಲೆ ನಿಲ್ಲಿಸಿದ. ಅದು ಫಿರೋಜ್ ಷಾ ಕೋಟ್ಲಾದಲ್ಲಿ ಈಗಲೂ ಇದೆ. ಅಶೋಕನ ಏಳನೇ ಸ್ತಂಭಶಾಸನ ಪೂರ್ತಿಯಾಗಿ ಸಿಗುವುದು ಆ ಒಂದು ಕಂಬದ ಮೇಲೆ ಮಾತ್ರ. ಅದರಲ್ಲಿ ಅರಸ ತಾನು ಮಾಡಿಸಿದ್ದನ್ನು ಹೇಳಿಕೊಳ್ಳುತ್ತಾನೆ. ದಾರಿಯುದ್ದಕ್ಕೂ ನೆರಳಿಗೆ ಆಲದ ಮರ, ಮಾವಿನ ತೋಪು, ಎಂಟೆಂಟು ಕ್ರೋಶಕ್ಕೆ ಬಾವಿ, ತಂಗಲು ವಿಶ್ರಾಂತಿ ಗೃಹ, ಜನಕ್ಕೂ ದನಕ್ಕೂ ಕುಡಿಯುವ ನೀರಿನ ನೆಲೆ. ನಮ್ಮ ಕಡೆಯ ಅರವಟ್ಟಿಗೆ, ಛತ್ರಗಳನ್ನು ಬಲ್ಲವರಿಗೆ ಈ ಪಟ್ಟಿ ಹೊಸದೇನಲ್ಲ. ಹಿಂದಿನ ರಾಜರೂ ಇಂಥದ್ದನ್ನು ಮಾಡಿದ್ದರು ಎಂದು ಅಶೋಕನೇ ಅಲ್ಲಿ ಒಪ್ಪಿಕೊಳ್ಳುತ್ತಾನೆ. ಕೋಟ್ಲಾದಿಂದ ಚಾಣಕ್ಯಪುರಿಗೆ ಹೆಚ್ಚು ದೂರವಿಲ್ಲ. ಆದರೆ ಕಂಬದ ಮೇಲಿನ ಅಶೋಕನ ಅತಿಥಿ ದಾರಿಹೋಕ. ಹೋಟೆಲಿನ ಅಶೋಕನ ಅತಿಥಿ ಆಹ್ವಾನಿತ.

ಆಹ್ವಾನಿತರು ಬಂದರು. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳು ಹುಟ್ಟಿ, ಕನ್ನಡನಾಡು ವಿಶಾಲ ಮೈಸೂರಾಗಿ ಒಂದಾಗಿತ್ತು. ಅದರ ನಾಲ್ಕು ದಿನದ ನಂತರ, ನವೆಂಬರ್ 5ರಂದು, ಮೌಲಾನಾ ಆಜಾದ್ ಅಧ್ಯಕ್ಷತೆಯಲ್ಲಿ ಯುನೆಸ್ಕೋ ಅಧಿವೇಶನ ಆರಂಭವಾಯಿತು. ಮುಹೂರ್ತ ಕೆಟ್ಟಿತ್ತು. ಹಿಂದಿನ ದಿನ ಸೋವಿಯತ್ ಟ್ಯಾಂಕುಗಳು ಬುಡಾಪೆಸ್ಟ್‌ಗೆ ನುಗ್ಗಿದ್ದವು. ಅಂದೇ ಬ್ರಿಟಿಷ್ ಮತ್ತು ಫ್ರೆಂಚ್ ಪ್ಯಾರಾಟ್ರೂಪರ್‌ಗಳು ಸುಯೆಜ್ ಕಾಲುವೆಯ ಬಳಿ ಇಳಿದಿದ್ದರು. ಹೊಡೆದವರೂ ಹೊಡೆಸಿಕೊಂಡವರೂ ಅದೇ ಸಂಸ್ಥೆಯ ಸದಸ್ಯರು. ನೆಹರೂ ತಮ್ಮ ಭಾಷಣದಲ್ಲಿ ಈಜಿಪ್ಟ್ ಮತ್ತು ಹಂಗೆರಿ ಎರಡನ್ನೂ ಹೆಸರಿಸಿ ನೋವು ತೋಡಿಕೊಂಡರು. ನಾಲ್ಕು ದಿನ ಕಳೆದು ನ್ಯೂಯಾರ್ಕಿನಲ್ಲಿ, ಹಂಗೆರಿಯಲ್ಲಿ ವಿಶ್ವಸಂಸ್ಥೆಯ ಉಸ್ತುವಾರಿಯಲ್ಲಿ ಚುನಾವಣೆ ನಡೆಯಲಿ ಎಂಬುದನ್ನೂ ಒಳಗೊಂಡ ಗೊತ್ತುವಳಿಗೆ ಭಾರತ ವಿರುದ್ಧ ಮತ ಹಾಕಿ ದೇಶದೊಳಗೇ ಟೀಕೆಗೆ ಗುರಿಯಾಯಿತು. ಅತಿಥಿಗಳ ಮುಂದೆ ಆಡಿದ ಮಾತಿಗೂ ಪರವೂರಿನಲ್ಲಿ ಎತ್ತಿದ ಕೈಗೂ ತಾಳೆಯಾಗದಿದ್ದುದನ್ನು ಜನ ಗಮನಿಸದೆ ಬಿಡಲಿಲ್ಲ. ಅಧಿವೇಶನ ಡಿಸೆಂಬರ್ 5ರಂದು ಮುಗಿಯಿತು. ಮರುದಿನ ಬೆಳಗ್ಗೆ ದೆಹಲಿಯ ಅಲಿಪುರ ರಸ್ತೆಯ 26ನೇ ಸಂಖ್ಯೆಯ ಮನೆಯಲ್ಲಿ ಅಂಬೇಡ್ಕರ್ ತೀರಿಕೊಂಡಿದ್ದರು. ಛತ್ರದ ಬಾವಿಯಿಂದಲೂ ನೀರು ಸೇದಲು ಬಿಡದ ನಾಡಿನಲ್ಲಿ, ಯಾರು ಎಲ್ಲಿ ತಂಗಬಹುದು ಎಂಬ ಪ್ರಶ್ನೆಯನ್ನು ಅವರಷ್ಟು ನೇರವಾಗಿ ಕೇಳಿದವರು ಬೇರೊಬ್ಬರಿಲ್ಲ. 1917ರಲ್ಲಿ ಬರೋಡಾದಲ್ಲಿ ಕೆಲಸಕ್ಕೆ ಸೇರಿದ ಅವರಿಗೆ ಯಾವ ಹಿಂದೂ ಹೋಟೆಲೂ ಸಿಗದೆ, ಗುರುತು ಮರೆಸಿ ಉಳಿದಿದ್ದ ಪಾರ್ಸಿ ವಸತಿಗೃಹದಿಂದಲೂ ಜನ ಕೋಲು ಹಿಡಿದು ಬಂದು ಹೊರಹಾಕಿದ್ದರು.

ನೆಂಟರು ಹೋದ ಮೇಲೆ ಐನೂರು ಕೋಣೆಗಳನ್ನು ಏನು ಮಾಡುವುದು? ಇಲ್ಲಿಂದ ಕಥೆ ಗೌರವದಿಂದ ಡಾಲರಿಗೆ ಹೊರಳುತ್ತದೆ. 1957ರಿಂದಲೇ ದೇಶಕ್ಕೆ ವಿದೇಶಿ ವಿನಿಮಯದ ಬರ ಶುರುವಾಗಿತ್ತು. ವಿದೇಶಿ ಪ್ರವಾಸಿ ಎಂದರೆ, ಹಡಗಿಗೆ ಸರಕು ತುಂಬದೆಯೇ ಆಗುವ ರಫ್ತು. 1963ರಲ್ಲಿ ಎಲ್. ಕೆ. ಝಾ ಸಮಿತಿ ಪ್ರವಾಸೋದ್ಯಮಕ್ಕೆ ಸರ್ಕಾರಿ ನಿಗಮಗಳು ಬೇಕೆಂದಿತು. 1966ರ ಜೂನ್‌ನಲ್ಲಿ ರೂಪಾಯಿಯ ಬೆಲೆ ಇಳಿಸಿ, ಡಾಲರಿಗೆ 4.76 ಇದ್ದದ್ದು 7.50 ಆಯಿತು. ಅದೇ ವರ್ಷದ ಅಕ್ಟೋಬರ್ 1ರಂದು ಭಾರತ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ, ಅಂದರೆ ಐಟಿಡಿಸಿ, ಹುಟ್ಟಿತು. ಮರುವರ್ಷ ಪ್ರವಾಸೋದ್ಯಮ ಸಚಿವರಾದವರು ಅದೇ ಕರಣ್ ಸಿಂಗ್.

ಐಟಿಡಿಸಿ ದೆಹಲಿಯಿಂದ ಹೊರಟು ಕಡಲು ಮುಟ್ಟಿದ್ದು ಈ ಕಾಲದಲ್ಲಿ. ತಿರುವನಂತಪುರದ ಬಳಿ ಕೋವಳಂನಲ್ಲಿ, 1932ರಲ್ಲಿ ತಿರುವಾಂಕೂರು ರಾಜಮನೆತನ ಕಟ್ಟಿಸಿದ್ದ ಹ್ಯಾಲ್ಸಿಯನ್ ಅರಮನೆಯ ಪಕ್ಕದ ಗುಡ್ಡದ ಇಳಿಜಾರಿನಲ್ಲಿ ಚಾರ್ಲ್ಸ್ ಕೊರಿಯಾ ಕಡಲಿಗೆ ಮುಖಮಾಡಿ ಮೆಟ್ಟಿಲು ಮೆಟ್ಟಿಲಾಗಿ ಕೋಣೆಗಳನ್ನು ಜೋಡಿಸಿದರು. ಪ್ರತಿ ಕೋಣೆಗೂ ಬಿಸಿಲಿಗೊಂದು ಜಗಲಿ. ಬೆಳ್ಳಗಿನ ಗೋಡೆ, ಕೆಳಗೆ ನೀಲಿ ಕಡಲು. ಚಿತ್ರ ನೋಡಿದವರು ಗ್ರೀಸ್ ಎಂದರೂ ಆಶ್ಚರ್ಯವಿಲ್ಲ. ಅಶೋಕ ಹೋಟೆಲಿನ ಜಾಲಂಧ್ರ, ಕಮಾನುಗಳು ಅಲ್ಲಿಲ್ಲ. ಹದಿನೈದು ವರ್ಷಗಳಲ್ಲಿ ಸರ್ಕಾರದ ಹೋಟೆಲ್ ಅರಮನೆಯ ವೇಷ ಕಳಚಿ, ನೆಲಕ್ಕೆ ತಕ್ಕಂತೆ ಕೂರಲು ಕಲಿತಿತ್ತು. ಈ ನಿಗಮ ಕಟ್ಟಿಸಿದ್ದರಲ್ಲೆಲ್ಲ ಅತ್ಯುತ್ತಮವಾದದ್ದು ಅದೇ ಎಂದರೆ ಹೆಚ್ಚು ಜನ ತಕರಾರು ಮಾಡಲಾರರು.

ಗ್ರೀಸ್ ಎಂಬ ಹೋಲಿಕೆ ಬರೀ ಬಣ್ಣದ್ದಲ್ಲ. 1949ರವರೆಗೆ ಅಂತರ್ಯುದ್ಧದಲ್ಲಿ ಬೆಂದ ಆ ದೇಶವೂ ಬಡವಾಗಿತ್ತು, ಡಾಲರಿಗೆ ಕಾತರಿಸುತ್ತಿತ್ತು. 1950ರಿಂದ ಅಲ್ಲಿನ ಸರ್ಕಾರಿ ಪ್ರವಾಸೋದ್ಯಮ ಸಂಸ್ಥೆ ದ್ವೀಪದ್ವೀಪಗಳಲ್ಲಿ ತಾನೇ ಹೋಟೆಲ್ ಕಟ್ಟಲು ಹೊರಟಿತು. ಅವಕ್ಕೆಲ್ಲ ಒಂದೇ ಹೆಸರು: 'ಕ್ಸೆನಿಯಾ', ಅಂದರೆ ಆತಿಥ್ಯ. ಅತಿಥಿಯನ್ನು ಕಾಯುವವನು ಸ್ವತಃ ಜ್ಯೂಸ್ ದೇವರು ಎಂದು ಪ್ರಾಚೀನ ಗ್ರೀಕರು ನಂಬಿದ್ದರು. ಅತಿಥಿಯನ್ನೇ ದೇವರೆನ್ನುವ ನಮ್ಮವರಿಗೆ ಇದು ಹತ್ತಿರದ ಮಾತು. 1957ರಿಂದ ಹತ್ತು ವರ್ಷ ಈ ಕೆಲಸದ ಮುಖ್ಯಸ್ಥರಾಗಿದ್ದ ವಾಸ್ತುಶಿಲ್ಪಿ ಆರಿಸ್ ಕಾನ್‌ಸ್ಟಾಂಟಿನಿಡಿಸ್ ಅಲ್ಲಲ್ಲಿನ ಕಲ್ಲು ಬಳಸಿ, ಆಡಂಬರವಿಲ್ಲದ ತಗ್ಗು ಕಟ್ಟಡಗಳನ್ನು ಕಟ್ಟಿದರು. 1960ರಲ್ಲಿ ಮೈಕೊನೋಸ್ ದ್ವೀಪದಲ್ಲಿ ಅವರು ಮುಗಿಸಿದ ಕ್ಸೆನಿಯಾ ಇಂದಿನ ದುಬಾರಿ ರಿಸಾರ್ಟುಗಳ ಪೂರ್ವಜ. ಖಾಸಗಿಯವರು ಬಂಡವಾಳ ಹಾಕಲು ಹೆದರಿದ ಕಡೆ ಸರ್ಕಾರ ಮೊದಲು ಹೋಗಿ ಹಾಸಿಗೆ ಹಾಸಿತು. ದಾರಿ ಕಂಡ ಮೇಲೆ ಖಾಸಗಿಯವರು ಬಂದರು, ಸರ್ಕಾರದ ಕಟ್ಟಡಗಳು ಹಾಳು ಬಿದ್ದವು. ಆಂಡ್ರೋಸ್ ದ್ವೀಪದಲ್ಲಿ ಕಡಲಿಗೆ ಮುಖಮಾಡಿದ ಕ್ಸೆನಿಯಾದ ಅಸ್ಥಿಪಂಜರ ಬಹುಕಾಲ ಖಾಲಿ ನಿಂತಿತ್ತು.

ಕರ್ನಾಟಕದಲ್ಲೂ ದೆಹಲಿಯ ಈ ನಿಗಮ ಬೇರು ಬಿಟ್ಟಿತು. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಅಶೋಕ, ಬೇಲೂರು-ಹಳೇಬೀಡಿಗೆ ಹೋಗುವವರಿಗೆ ಹಾಸನ ಅಶೋಕ, ಮೈಸೂರಿನಲ್ಲಿ ಲಲಿತಮಹಲ್. ಲಲಿತಮಹಲ್‌ಗೆ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ್ದು 1921ರಲ್ಲಿ, ವೈಸರಾಯ್ ಮತ್ತು ಐರೋಪ್ಯ ಅತಿಥಿಗಳಿಗಾಗಿ. ದೊಡ್ಡ ಅರಮನೆಯ ಮಡಿಗೂ ದೊರೆಗಳ ಮಾಂಸದಡಿಗೆಗೂ ನಡುವೆ ಊರಿನಷ್ಟು ಅಂತರ ಬೇಕಿತ್ತು. 1974ರಲ್ಲಿ ಅದು ಹೋಟೆಲಾಯಿತು. ಇನ್ನು ದೆಹಲಿಗೆ ಹೋಗುವ ಕನ್ನಡಿಗರಲ್ಲಿ ಬಹುತೇಕರು ಅಶೋಕ ಹೋಟೆಲಿನ ಮೆಟ್ಟಿಲು ಹತ್ತಿದವರಲ್ಲ. ಅವರ ನೆಲೆ ಅದೇ ಚಾಣಕ್ಯಪುರಿಯ ಕೌಟಿಲ್ಯ ಮಾರ್ಗದ ಕರ್ನಾಟಕ ಭವನ: ಶಾಸಕರ ಪತ್ರ, ಸಾಲುಮಂಚ, ಬೆಳಗ್ಗೆ ಇಡ್ಲಿ. ಸರ್ಕಾರ ತನ್ನವರಿಗೆ ಇಟ್ಟುಕೊಂಡ ಛತ್ರವೂ ಪರರಿಗೆ ಇಟ್ಟ ಅರಮನೆಯೂ ಹತ್ತಿರ ಹತ್ತಿರದಲ್ಲೇ ಇವೆ.

1982ರ ಏಷ್ಯನ್ ಕ್ರೀಡಾಕೂಟಕ್ಕೆ ದೆಹಲಿ ಎರಡನೇ ಸಲ ನೆಂಟರ ಗಡಿಬಿಡಿಗೆ ಬಿತ್ತು. ಸರ್ಕಾರಿ, ಖಾಸಗಿ ಎನ್ನದೆ ಹೋಟೆಲುಗಳು ಎದ್ದವು. ಈ ಬಾರಿ ಕಟ್ಟಿದವರ ಮಾತೂ ದಾಖಲಾಯಿತು. ಏಷ್ಯಾಡ್ ಕಾಮಗಾರಿಗಳಲ್ಲಿ ಕೂಲಿಕಾರರಿಗೆ ಕನಿಷ್ಠ ಕೂಲಿಯೂ ಸಿಗುತ್ತಿಲ್ಲವೆಂದು ಪಿಯುಡಿಆರ್ ಎಂಬ ಹಕ್ಕುಗಳ ಸಂಘಟನೆ ಸುಪ್ರೀಂ ಕೋರ್ಟಿಗೆ ಪತ್ರ ಬರೆಯಿತು. ಗುತ್ತಿಗೆದಾರರ ಜಮಾದಾರರು ಒಬ್ಬೊಬ್ಬರ ದಿನಗೂಲಿಯಿಂದ ಒಂದು ರೂಪಾಯಿ ಮುರಿದುಕೊಳ್ಳುತ್ತಿದ್ದರು. ಕ್ರೀಡಾಕೂಟಕ್ಕೆ ಎರಡು ತಿಂಗಳಿದ್ದಾಗ, ಸೆಪ್ಟೆಂಬರ್ 18ರಂದು, ನ್ಯಾಯಮೂರ್ತಿ ಪಿ. ಎನ್. ಭಗವತಿ ತೀರ್ಪು ಕೊಟ್ಟರು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದರು. ಅಶೋಕ ಹೋಟೆಲನ್ನು 1956ರ ಹೊತ್ತಿಗೆ ಮುಗಿಸಿಕೊಟ್ಟ ಕೈಗಳ ಬಗ್ಗೆ ಇಂಥ ಕಾಗದವೊಂದು ಉಳಿದಿದ್ದರೆ ಈ ಕಥೆಯ ಅರ್ಧ ಬೇರೆಯಾಗುತ್ತಿತ್ತು.

ಆ ಹೊತ್ತಿಗೆ ಸರ್ಕಾರಿ ಹೋಟೆಲುಗಳ ಹೊಳಪು ಮಾಸತೊಡಗಿತ್ತು. 1965ರಲ್ಲಿ ಒಬೆರಾಯ್, 1978ರಲ್ಲಿ ತಾಜ್ ಬಂದ ಮೇಲೆ ಹೋಲಿಕೆ ಶುರುವಾಯಿತು. ಮಂತ್ರಿಗಳ ಮಕ್ಕಳ ಮದುವೆ, ಬಾಕಿ ಉಳಿದ ಬಿಲ್ಲು, ಕಡತದಲ್ಲಿ ಸಿಕ್ಕಿಬಿದ್ದ ದುರಸ್ತಿ. ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಸರ್ಕಾರಿ ಕಚೇರಿ ಕಂಡವರಿಗೆ ಸರ್ಕಾರಿ ಹೋಟೆಲಿನ ಕಷ್ಟ ಊಹೆಗೆ ನಿಲುಕುತ್ತದೆ. ಚಾಣಕ್ಯಪುರಿಯ ಅಕ್ಬರ್ ಹೋಟೆಲ್ ಕಚೇರಿಗಳ ಅಕ್ಬರ್ ಭವನವಾಯಿತು. 2001-02ರಲ್ಲಿ, ಅರುಣ್ ಶೌರಿ ಹೂಡಿಕೆ ಹಿಂತೆಗೆತದ ಸಚಿವರಾಗಿದ್ದಾಗ, ಲೋಧಿ, ಕುತುಬ್, ಕನಿಷ್ಕ, ರಣಜಿತ್ ಒಂದೊಂದಾಗಿ ಮಾರಾಟವಾದವು. ಹಾಸನ ಅಶೋಕವೂ ಹೋಯಿತು. ಬೆಂಗಳೂರಿನದು ಗುತ್ತಿಗೆಗೆ ಹೋಯಿತು. ಕೋವಳಂನ ಕಡಲ ಮನೆಯೂ ಖಾಸಗಿಯವರ ಕೈ ಸೇರಿ, ಪಕ್ಕದ ಹ್ಯಾಲ್ಸಿಯನ್ ಅರಮನೆ ಯಾರದೆಂಬ ವ್ಯಾಜ್ಯ ಕೇರಳ ಸರ್ಕಾರವನ್ನು ಹದಿನೈದು ವರ್ಷ ಕಾಡಿತು. ಲಲಿತಮಹಲ್ 2018ರಲ್ಲಿ ಕರ್ನಾಟಕ ಸರ್ಕಾರಕ್ಕೆ ಮರಳಿತು.

ಆದರೆ ಅಶೋಕ ಉಳಿಯಿತು. 2021ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಆಸ್ತಿ ನಗದೀಕರಣದ ಪಟ್ಟಿಯಲ್ಲಿ, ಹೆದ್ದಾರಿ, ರೈಲು ನಿಲ್ದಾಣ, ವಿದ್ಯುತ್ ಮಾರ್ಗಗಳ ಸಾಲಿನಲ್ಲಿ ಅದರ ಹೆಸರೂ ಸೇರಿತು. ಈಗ ದೆಹಲಿಗೆ ಬರುವ ಪರದೇಶದವರು ವಿಮಾನ ನಿಲ್ದಾಣದ ಪಕ್ಕದ ಏರೋಸಿಟಿಯಲ್ಲೋ ಗುರುಗ್ರಾಮದ ಗಾಜಿನ ಗೋಪುರಗಳಲ್ಲೋ ಇಳಿದುಕೊಳ್ಳುತ್ತಾರೆ. ಅದೇ ವಿಮಾನ ನಿಲ್ದಾಣದಿಂದ ದೆಹಲಿಯ ನವದಂಪತಿಗಳು ಮೈಕೊನೋಸ್, ಸ್ಯಾಂಟೊರಿನಿಗಳ ಕಡಲ ದಂಡೆಗೆ ಹೊರಡುತ್ತಾರೆ. ಅತಿಥಿಗಳಿಗೆ ಮಂಚ ಸಾಲದೆಂದು ಪರದಾಡಿದ ಊರು ಈಗ ಬೇರೆಯವರ ದ್ವೀಪಗಳ ಬೇಡಿಕೆಯ ಅತಿಥಿ. ವಜೀರಾಬಾದ್‌ನಲ್ಲಿ ಯಮುನೆಯ ನೀರಿಗೆ ಅಮೋನಿಯಾ ಏರಿದಾಗಲೆಲ್ಲ ನೀರೆತ್ತುವುದು ನಿಲ್ಲುತ್ತದೆ, ಬಡಾವಣೆಗಳಲ್ಲಿ ಜನ ಕೊಡ ಹಿಡಿದು ಟ್ಯಾಂಕರಿಗೆ ಕಾಯುತ್ತಾರೆ.